ಅಂಗಳದ ಹುಲ್ಲುಹಾಸನ್ನು ಮೇವಿನ ನೆಲ ಮಾಡುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊಸದಾಗಿ ಮನೆ ಕಟ್ಟಿಸಿದವರು, ಹೋಮ್‌ಸ್ಟೇ ನಡೆಸುವವರು ಮತ್ತು ನಗರದಿಂದ ಊರಿಗೆ ಮರಳಿದವರು ಈಗ ಮನೆಯೆದುರು ಎರಡು ಗುಂಟೆಯಿಂದ ಅರ್ಧ ಎಕರೆಯವರೆಗೆ ಲಾನ್ ಬೆಳೆಸಿರುವುದು ಸಾಮಾನ್ಯವಾಗಿದೆ. ಮಳೆಗಾಲವಿಡೀ ಅದನ್ನು ಯಂತ್ರದಿಂದ ಕತ್ತರಿಸಿ ಗುಂಡಿಗೆ ಸುರಿಯುವ ಮನೆಯವರೇ ಕೊಟ್ಟಿಗೆಯ ಹಸುವಿಗೆ ಹೊರಗಿನಿಂದ ಮೇವು ತರಿಸುವುದೂ ಉಂಟು. ಈ ನೆಲವನ್ನು ಮೇವಿಗೆ ಬಳಸಬೇಕೆಂದಿರುವವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಹೆಚ್ಚಾಗಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದೆ. ಮೊದಲು ಸರಳವಾದವು, ನಂತರ ಅನುಭವಿಗಳವು.

## ಶುರು ಮಾಡುವ ಮೊದಲು

ಲಾನ್‌ನಲ್ಲಿ ಹುಲ್ಲು ಇದ್ದೇ ಇದೆಯಲ್ಲ, ಹಾಗೇ ದನ ಬಿಟ್ಟರೆ ಆಗುವುದಿಲ್ಲವೆ?

ಒಂದೆರಡು ವಾರ ಆಗುತ್ತದೆ, ಆಮೇಲೆ ನೆಲ ಬೋಳಾಗುತ್ತದೆ. ಲಾನ್ ಹುಲ್ಲನ್ನು ಮೂರು ನಾಲ್ಕು ಸೆಂಟಿಮೀಟರಿಗೇ ಕತ್ತರಿಸುತ್ತ ಬಂದಿರುವುದರಿಂದ ಅದರ ಬೇರು ಆಳಕ್ಕೆ ಇಳಿದಿರುವುದಿಲ್ಲ. ಎಲೆ ಕಡಿಮೆಯಾದಷ್ಟೂ ಬೇರು ಮೋಟಾಗುವುದು ಹುಲ್ಲಿನ ಸ್ವಭಾವ. ಯಂತ್ರವು ತುದಿಯನ್ನಷ್ಟೇ ಕತ್ತರಿಸಿದರೆ ದನವು ನಾಲಿಗೆಯಿಂದ ಸುತ್ತಿ ಎಳೆಯುತ್ತದೆ, ಗೊರಸಿನಿಂದ ತುಳಿಯುತ್ತದೆ, ಮೋಟು ಬೇರಿನ ಹುಲ್ಲು ಬುಡಸಮೇತ ಬರುತ್ತದೆ. ಆದ್ದರಿಂದ ಮೊದಲ ಮಳೆಗಾಲವನ್ನು ಹುಲ್ಲಿಗೇ ಬಿಡಬೇಕು. ಯಂತ್ರವನ್ನು ಬದಿಗಿಟ್ಟು, ಹುಲ್ಲು ಒಂದು ಗೇಣು ಬೆಳೆದ ಮೇಲೆ ಕತ್ತಿಯಿಂದ ನಾಲ್ಕು ಬೆರಳಿನಷ್ಟು ಬುಡ ಬಿಟ್ಟು ಕೊಯ್ದು ಕೊಟ್ಟಿಗೆಗೆ ಒಯ್ದು ಹಾಕಬೇಕು. ದೀಪಾವಳಿಯ ಹೊತ್ತಿಗೆ ನೆಲ ಗಟ್ಟಿಯಾಗಿ, ಬೇರು ಹಿಡಿದಿದ್ದರೆ ಆಗ ಪ್ರಾಣಿಯನ್ನು ಬಿಡಬಹುದು. ಮೊದಲು ಹಸು ತಂದು ನಂತರ ಹುಲ್ಲಿನ ಯೋಚನೆ ಮಾಡುವವರೇ ಹೆಚ್ಚು. ಆ ಕ್ರಮ ತಿರುಗಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ನಮ್ಮದು ಬರೀ ಮೂರು ಗುಂಟೆ. ಇಷ್ಟರಲ್ಲಿ ಏನು ಸಾಕಬಹುದು?

ಇದಕ್ಕೆ ಊಹೆಯ ಉತ್ತರ ಬೇಡ, ಅಳೆದು ನೋಡಬಹುದು. ಹುಲ್ಲು ಮೇಯುವಷ್ಟು ಬೆಳೆದಾಗ ಸಾಧಾರಣವಾಗಿ ಕಾಣುವ ಜಾಗದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಗುರುತಿಸಿ, ಬುಡ ಬಿಟ್ಟು ಕೊಯ್ದು ತೂಗಿ. ಒಂದು ಕಿಲೋ ಬಂತೆಂದುಕೊಳ್ಳೋಣ. ಒಂದು ಗುಂಟೆಯೆಂದರೆ 1089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಆದ್ದರಿಂದ ಗುಂಟೆಗೆ ನೂರು ಕಿಲೋ ಹಸಿ ಹುಲ್ಲು. ತುಳಿತಕ್ಕೆ, ಸಗಣಿ ಬಿದ್ದ ಜಾಗಕ್ಕೆ ಮತ್ತು ಮರುಚಿಗುರಿಗೆ ಅರ್ಧ ಕಳೆದರೆ ಹೊಟ್ಟೆಗೆ ಹೋಗುವುದು ಐವತ್ತು ಕಿಲೋ.

ನೂರು ಕಿಲೋ ತೂಕದ ಮಲೆನಾಡು ಗಿಡ್ಡ ತಳಿಯ ಹಸುವಿಗೆ ದಿನಕ್ಕೆ ಎರಡೂವರೆಯಿಂದ ಮೂರು ಕಿಲೋ ಒಣ ಪದಾರ್ಥ, ಅಂದರೆ ಹನ್ನೆರಡರಿಂದ ಹದಿನೈದು ಕಿಲೋ ಹಸಿ ಹುಲ್ಲು ಬೇಕು. ಒಂದು ಗುಂಟೆ ಅದಕ್ಕೆ ನಾಲ್ಕು ದಿನ. ಮೇಯ್ದ ತುಂಡು ಮತ್ತೆ ಬೆಳೆಯಲು ಐದು ವಾರ ಬೇಕೆಂದರೆ, ಹುಲ್ಲು ಜೋರಾಗಿರುವ ಕಾಲದಲ್ಲಿಯೇ ಒಂದು ಗಿಡ್ಡ ಹಸುವಿಗೆ ಒಂಬತ್ತು ಹತ್ತು ಗುಂಟೆ ಬೇಕಾಯಿತು. ಮೂರು ಗುಂಟೆಯಲ್ಲಿ ಹಸುವಿಗೆ ಮೂರನೆಯ ಒಂದು ಪಾಲು ಮೇವು ಸಿಕ್ಕೀತು, ಉಳಿದದ್ದನ್ನು ಬೇರೆಡೆಯಿಂದ ತರಬೇಕು. ಎರಡು ಆಡುಗಳಾದರೆ, ಅರ್ಧ ಹೊಟ್ಟೆ ಮರದ ಸೊಪ್ಪಿನಿಂದ ತುಂಬಿಸುವುದಾದಲ್ಲಿ, ಇಷ್ಟು ಜಾಗ ಸಾಕಾಗುತ್ತದೆ.

ಹಸು, ಆಡು, ಕುರಿ, ಕೋಳಿ: ಮಲೆನಾಡಿಗೆ ಯಾವುದು ಸರಿ?

ಹಸುವಾದರೆ ಮಲೆನಾಡು ಗಿಡ್ಡ. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆಯು ಪ್ರತ್ಯೇಕ ತಳಿಯೆಂದು ನೋಂದಾಯಿಸಿರುವ ಈ ದನ ಹಗುರ; ಮೆತ್ತಗಿನ ನೆಲವನ್ನು ಅದು ಜರ್ಸಿ ಮಿಶ್ರತಳಿಯಷ್ಟು ಕೆಡಿಸುವುದಿಲ್ಲ, ಬಿರುಮಳೆ ತಡೆಯುತ್ತದೆ, ಒರಟು ಹುಲ್ಲನ್ನೂ ಅರಗಿಸಿಕೊಳ್ಳುತ್ತದೆ. ಹಾಲು ಸಾಮಾನ್ಯವಾಗಿ ದಿನಕ್ಕೆ ಒಂದರಿಂದ ಮೂರು ಲೀಟರ್ ಮಾತ್ರ. ಮನೆಬಳಕೆಗೆ ಅಷ್ಟು ಸಾಕೆನ್ನುವವರಿಗೆ ಇದು ಒಪ್ಪುತ್ತದೆ, ಡೈರಿಗೆ ಹಾಕುವ ಯೋಚನೆ ಇದ್ದವರಿಗೆ ಒಪ್ಪುವುದಿಲ್ಲ.

ಆಡು ಹುಲ್ಲಿನ ಪ್ರಾಣಿಯಲ್ಲ, ಸೊಪ್ಪಿನ ಪ್ರಾಣಿ. ಹಲಸಿನ ಸೊಪ್ಪು ಎದುರಿಗಿದ್ದರೆ ಕಾಲ ಬುಡದ ಹುಲ್ಲನ್ನು ಅದು ಮೂಸಿಯೂ ನೋಡುವುದಿಲ್ಲ, ಹೂಗಿಡಗಳನ್ನಂತೂ ಉಳಿಸುವುದಿಲ್ಲ. ಕುರಿ ಹುಲ್ಲನ್ನು ಲಾನ್‌ನಂತೆ ಸಮವಾಗಿ ಮೇಯುತ್ತದೆ ನಿಜ. ಆದರೆ ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಿ ಉಣ್ಣೆ ತೊಯ್ದು, ಗೊರಸು ಕೊಳೆತು ಬಳಲುತ್ತದೆ. ಶಿಕಾರಿಪುರ, ಭದ್ರಾವತಿಯ ಅರೆಮಲೆನಾಡಿನಲ್ಲಿ ಪ್ರಯತ್ನಿಸಬಹುದು. ತೀರ ಸಣ್ಣ ಜಾಗಕ್ಕೆ ನಾಟಿ ಕೋಳಿ, ಗಿರಿರಾಜ ಅಥವಾ ಸ್ವರ್ಣಧಾರಾ ಸೂಕ್ತ. ಕೋಳಿಗೂಡನ್ನು ಮಾತ್ರ ಒಂದೇ ಕಡೆ ಇಡದೆ ಜರುಗಿಸುತ್ತಿರಬೇಕು, ಇಲ್ಲದಿದ್ದರೆ ಕೆದಕಿ ಮಣ್ಣು ಮಾಡುತ್ತವೆ.

## ಹುಲ್ಲು ಮತ್ತು ಮಣ್ಣು

ಈಗಿರುವ ಲಾನ್ ಹುಲ್ಲನ್ನು ಉಳಿಸಿಕೊಳ್ಳಬೇಕೋ, ಕಿತ್ತು ಹಾಕಬೇಕೋ?

ಹುಲ್ಲು ಯಾವುದೆಂಬುದರ ಮೇಲೆ ಇದು ನಿಂತಿದೆ. ಗರಿಕೆ ಇದ್ದರೆ ಖಂಡಿತ ಉಳಿಸಿಕೊಳ್ಳಿ. ದನ, ಆಡು, ಕುರಿ ಎಲ್ಲವೂ ಇಷ್ಟಪಟ್ಟು ತಿನ್ನುವ, ತುಳಿತ ತಡೆಯುವ ಹುಲ್ಲು ಅದು. ಆದರೆ ನೆರಳಿನಲ್ಲಿ ಬಾಳುವುದಿಲ್ಲ. ಮಳೆ ಹೆಚ್ಚಿರುವ ಕಡೆ, ಮರದ ನೆರಳಿನಲ್ಲಿ ತಾನಾಗಿಯೇ ಹಬ್ಬುವ ಅಗಲ ಎಲೆಯ ಕಾರ್ಪೆಟ್ ಹುಲ್ಲು ಇಳುವರಿಯಲ್ಲಿ ಹಿಂದೆ, ಆದರೂ ದನ ತಿನ್ನುತ್ತದೆ. ಅಡಿಕೆ ತೋಟದ ಅಂಚಿನ ಜಾಗಕ್ಕೆ ಅದೇ ಇರಲಿ. ಕೊರಿಯನ್ ಅಥವಾ ಮೆಕ್ಸಿಕನ್ ಹುಲ್ಲೆಂದು ನರ್ಸರಿಯವರು ಚದರ ಅಡಿಯ ಲೆಕ್ಕದಲ್ಲಿ ಮಾರುವ ಹುಲ್ಲುಗಳು ನಿಧಾನವಾಗಿ ಬೆಳೆಯುತ್ತವೆ, ಎಲೆ ಬಿರುಸು. ಅವನ್ನು ಪೂರ್ತಿ ಕೀಳುವ ಬದಲು ಸಾಲು ಸಾಲಾಗಿ ಕೆತ್ತಿ ನಡುವೆ ಮೇವಿನ ಹುಲ್ಲನ್ನು ನೆಡುವುದು ಲೇಸು, ಏಕೆಂದರೆ ಇಳಿಜಾರಿನ ನೆಲವನ್ನು ಜೂನ್ ತಿಂಗಳಲ್ಲಿ ಬರಿದಾಗಿಸಿದರೆ ಮೇಲ್ಮಣ್ಣು ಹಳ್ಳ ಸೇರುತ್ತದೆ.

ಹೊಸದಾಗಿ ಯಾವ ಹುಲ್ಲು ಹಾಕಲಿ? ಎಲ್ಲರೂ ನೇಪಿಯರ್ ಅನ್ನುತ್ತಾರೆ.

ನೇಪಿಯರ್ ಕೊಯ್ದು ಹಾಕುವ ಮೇವು, ಮೇಯಿಸುವ ಹುಲ್ಲಲ್ಲ. ಸಿಒ-4, ಸಿಒ-5ರಂಥ ಹೈಬ್ರಿಡ್‌ಗಳು ಇಳುವರಿಯಲ್ಲಿ ಮುಂದಿದ್ದರೂ ಅವುಗಳ ಚಿಗುರುಗಣ್ಣನ್ನು ದನ ತುಳಿದರೆ ಪೊದೆ ಸಾಯುತ್ತದೆ. ಅದನ್ನು ಬೇಲಿಯಂಚಿಗೆ, ಬಚ್ಚಲು ನೀರು ಹರಿಯುವ ಕಡೆಗೆ ಒಂದು ಸಾಲು ನೆಟ್ಟು ಕೊಯ್ಲಿಗೆ ಇಟ್ಟುಕೊಳ್ಳಿ.

ಮೇಯಿಸುವ ನೆಲಕ್ಕೆ ನನ್ನ ಮೊದಲ ಆಯ್ಕೆ ಕಾಂಗೋ ಸಿಗ್ನಲ್. ಅದು ತೆವಳಿ ಹಬ್ಬುತ್ತದೆ, ಹುಳಿ ಮಣ್ಣನ್ನು ಸಹಿಸುತ್ತದೆ, ಸ್ವಲ್ಪ ನೆರಳಿನಲ್ಲಿಯೂ ಬರುತ್ತದೆ. ನೀರು ನಿಲ್ಲುವ ಜಾಗವಷ್ಟೇ ಆಗದು. ನೆರಳು ಹೆಚ್ಚಿದ್ದಲ್ಲಿ ಗಿನಿ ಹುಲ್ಲು ಇನ್ನೂ ಒಳ್ಳೆಯದು, ಆದರೆ ಅದು ಬುಡ್ಡೆ ಕಟ್ಟುವುದರಿಂದ ನಡುವೆ ಖಾಲಿ ಉಳಿಯುತ್ತದೆ. ಮುಂಗಾರು ಹಿಡಿದ ಮೇಲೆ, ಮೃಗಶಿರಾ ಮಳೆಯ ಹೊತ್ತಿಗೆ, ಬೇರುಸಹಿತ ತುಂಡುಗಳನ್ನು ಸಾಲಿನಿಂದ ಸಾಲಿಗೆ 40 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಬೀಜ ಬಿತ್ತುವುದಕ್ಕಿಂತ ಭದ್ರ. ನಮ್ಮ ಮಳೆಗೆ ಸಣ್ಣ ಬೀಜ ಕೊಚ್ಚಿಹೋಗುತ್ತದೆ.

ಹುಲ್ಲಿನ ಜೊತೆಗೆ ಒಂದು ದ್ವಿದಳ ಇರಲೇಬೇಕು. ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುವ, ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸುವ ಸ್ಟೈಲೋ ಇದಕ್ಕೆ ಹೊಂದುತ್ತದೆ. ಅದರ ಬೀಜದ ಸಿಪ್ಪೆ ಗಡಸು. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ತಣ್ಣೀರಿನಲ್ಲಿ ನೆನೆಸಿ ಬಿತ್ತದಿದ್ದರೆ ಬಹುಪಾಲು ಮೊಳೆಯದೆ ಮಣ್ಣಿನಲ್ಲೇ ಉಳಿಯುತ್ತದೆ. ಬೀಜ, ತುಂಡುಗಳ ಮಾಹಿತಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಹಾಗೂ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಬಹುದು.

ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು. ಸುಣ್ಣ ಬೇಕೆ, ಗೊಬ್ಬರ ಎಷ್ಟು?

ವರ್ಷವರ್ಷವೂ ಸುರಿಯುವ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಅಂಥ ಮಣ್ಣಿನಲ್ಲಿ ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಬಂಧಿಯಾಗಿ ಬೇರಿಗೆ ಸಿಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (ಹುಳಿ ತೋರಿಸುವ pH ಅಂಕಿ) 5.5ಕ್ಕಿಂತ ಕಡಿಮೆ ಇದ್ದರೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕಿ. ಪರೀಕ್ಷೆಯಿಲ್ಲದೆ ಒಮ್ಮೆಗೇ ಗುಂಟೆಗೆ 20 ಕಿಲೋ ದಾಟಬೇಡಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಿದ್ದಾಗ ಎರಚುವುದು ಸರಿಯಾದ ಕಾಲ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡರ ನಡುವೆ ಎರಡು ಮೂರು ವಾರ ಇರಲಿ. ರಂಜಕಕ್ಕೆ ಶಿಲಾರಂಜಕ (ರಾಕ್ ಫಾಸ್ಫೇಟ್) ಸಾಕು, ಹುಳಿ ಮಣ್ಣಿನಲ್ಲಿ ಅದು ತಾನೇ ಕರಗುತ್ತದೆ.

ಹೋದ ವರ್ಷದವರೆಗೆ ಲಾನ್‌ಗೆ ಔಷಧಿ ಹೊಡೆಸುತ್ತಿದ್ದೆವು. ಎಷ್ಟು ದಿನ ಬಿಟ್ಟು ಮೇಯಿಸಬಹುದು?

ಡಬ್ಬಿಯ ಮೇಲೆ ಮೇಯಿಸುವ ಮುನ್ನ ಬಿಡಬೇಕಾದ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಬರೆದಿಲ್ಲವಾದರೆ, ಅಥವಾ ಏನು ಹೊಡೆದಿದ್ದಾರೆಂಬುದೇ ಗೊತ್ತಿಲ್ಲವಾದರೆ, ಒಂದು ಮಳೆಗಾಲ ಪೂರ್ತಿ ಕಳೆಯಲಿ, ಆ ಅವಧಿಯ ಕೊಯ್ಲನ್ನು ಮೇವಿಗೆ ಬಳಸಬೇಡಿ. ಗೆದ್ದಲು, ಗೊಣ್ಣೆಹುಳಕ್ಕೆಂದು ಮಣ್ಣಿಗೆ ಹಾಕುವ ಕೀಟನಾಶಕಗಳು ಕಳೆನಾಶಕಗಳಿಗಿಂತ ಹೆಚ್ಚು ಎಚ್ಚರ ಬೇಡುತ್ತವೆ.

ನಮ್ಮಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ವಿಷಯ ಬೋರ್ಡೋ ದ್ರಾವಣದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಈ ದ್ರಾವಣದಲ್ಲಿ ಮೈಲುತುತ್ತವಿದೆ, ಅಂದರೆ ತಾಮ್ರ. ತೋಟಕ್ಕೆ ತಾಗಿದ ಲಾನ್ ಮೇಲೆ ಅದರ ತುಂತುರು ಬೀಳುತ್ತದೆ. ದನ ಒಂದಷ್ಟು ತಾಮ್ರ ತಡೆದುಕೊಳ್ಳುತ್ತದೆ. ಕುರಿಗೆ ಅದು ಯಕೃತ್ತಿನಲ್ಲಿ ಕೂಡುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕೊಲ್ಲುತ್ತದೆ. ಸಿಂಪಡಣೆಯಾದ ಕೂಡಲೇ ಆ ಅಂಚಿನಲ್ಲಿ ಯಾವ ಪ್ರಾಣಿಯನ್ನೂ ಮೇಯಿಸಬೇಡಿ, ಕುರಿಯನ್ನಂತೂ ಅಡಿಕೆ ತೋಟದ ಹುಲ್ಲಿನಿಂದ ದೂರವೇ ಇಡಿ.

## ಮೇಯಿಸುವ ಕ್ರಮ

ಬೆಳಗ್ಗೆ ಬಿಟ್ಟು ಸಂಜೆ ಕಟ್ಟಿದರೆ ಸಾಲದೆ? ತುಂಡು ತುಂಡು ಮಾಡಿ ಮೇಯಿಸುವುದು ಯಾಕೆ?

ಇಡೀ ಜಾಗದಲ್ಲಿ ಬಿಟ್ಟ ಹಸು ಎಲ್ಲವನ್ನೂ ಸಮನಾಗಿ ಮೇಯುವುದಿಲ್ಲ. ನಿನ್ನೆ ಕಚ್ಚಿದಲ್ಲಿ ಬಂದ ಎಳೆ ಚಿಗುರನ್ನೇ ಇಂದು ಮತ್ತೆ ಹುಡುಕುತ್ತದೆ. ರುಚಿಯ ಹುಲ್ಲು ಹೀಗೆ ಸೋಲುತ್ತದೆ, ತಿನ್ನದೆ ಬಿಟ್ಟ ಕಳೆ ಬೀಜ ಕಟ್ಟುತ್ತದೆ. ಹುಲ್ಲಿಗೆ ಬೇಕಾದದ್ದು ಗೊಬ್ಬರಕ್ಕಿಂತ ಮೊದಲು ಬಿಡುವು. ಜಾಗವನ್ನು ಎಂಟು ಹತ್ತು ತುಂಡು ಮಾಡಿ, ಒಂದೊಂದರಲ್ಲಿ ಮೂರು ನಾಲ್ಕು ದಿನ ಮೇಯಿಸಿ, ಮತ್ತೆ ಅದೇ ತುಂಡಿಗೆ ಐದು ವಾರದ ನಂತರ ಮರಳುವುದು ಒಂದು ಒಳ್ಳೆಯ ಅಂದಾಜು. ಕ್ಯಾಲೆಂಡರಿಗಿಂತ ಹುಲ್ಲಿನ ಎತ್ತರ ನಂಬಿಕೆಗೆ ಅರ್ಹ: ಗೇಣು ಮೀರಿದಾಗ ಒಳಗೆ, ನಾಲ್ಕು ಬೆರಳಿಗೆ ಇಳಿದಾಗ ಹೊರಗೆ. ಗೂಟ ಕಣ್ಣಿಯಲ್ಲಿ ಕಟ್ಟಿ ಮೇಯಿಸುವ ನಮ್ಮ ಹಳೆಯ ರೂಢಿಯೂ ಇದೇ ಕೆಲಸ ಮಾಡುತ್ತದೆ, ಗೂಟವನ್ನು ದಿನವೂ ಬದಲಿಸುವ ಶ್ರದ್ಧೆ ಇರಬೇಕು ಅಷ್ಟೆ.

ಆಷಾಢದ ಮಳೆಯಲ್ಲಿ ನೆಲವೆಲ್ಲ ಕೆಸರು. ಆಗ ಏನು ಮಾಡುವುದು?

ಮೇಯಿಸಬೇಡಿ. ಬೇಸಿಗೆಯೇ ಕಷ್ಟದ ಕಾಲವೆಂದು ಬಯಲುಸೀಮೆಯ ಪುಸ್ತಕಗಳು ಹೇಳುತ್ತವೆ. ಮಲೆನಾಡಿನ ಮೇವಿನ ನೆಲ ಕೆಡುವುದು ಜುಲೈ ತಿಂಗಳಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹಿಮ್ಮಡಿ ಊರಿದರೆ ನೀರು ಒಸರುವಷ್ಟು ನೆಲ ನೆಂದಿದ್ದಾಗ ಗೊರಸಿನ ಒತ್ತಡಕ್ಕೆ ಮಣ್ಣಿನ ಸಣ್ಣ ಸಂದುಗಳು ಮುಚ್ಚಿ, ಬೇರಿಗೆ ಗಾಳಿ ಹೋಗದೆ ಹುಲ್ಲು ಹಳದಿಯಾಗುತ್ತದೆ. ಆ ವಾರಗಳಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ, ಕೊಯ್ದ ಹುಲ್ಲನ್ನು ಸ್ವಲ್ಪ ಬಾಡಿಸಿ, ಒಣಹುಲ್ಲಿನೊಂದಿಗೆ ಕೊಡಿ. ಮಳೆಗಾಲದ ಹುಲ್ಲಿನಲ್ಲಿ ನೀರೇ ಹೆಚ್ಚಿರುವುದರಿಂದ ಬರೀ ಅದನ್ನು ತಿಂದ ದನ ತೆಳ್ಳಗೆ ಸಗಣಿ ಹಾಕುತ್ತದೆ. ಮಳೆ ಬಿಡುವು ಕೊಟ್ಟ ದಿನಗಳಿಗೆಂದು ನೀರು ಇಂಗುವ ಎತ್ತರದ ಒಂದು ತುಂಡನ್ನು ಮೀಸಲಿಟ್ಟುಕೊಳ್ಳುವುದು ಜಾಣತನ.

ಬೇಲಿಗೆ ಕಡಿಮೆ ಖರ್ಚಿನ ದಾರಿ ಯಾವುದು?

ಹೊರಬೇಲಿಗೆ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಗೂಟಗಳನ್ನು ಮುಂಗಾರಿಗೆ ಊರಿದರೆ ಅದೇ ಬೇಲಿ, ಅದೇ ಮೇವು. ಅದರ ವಾಸನೆಗೆ ಮೊದಲು ಮೂಗು ಮುರಿಯುವ ಪ್ರಾಣಿಗಳು ಬಾಡಿಸಿ ಕೊಟ್ಟರೆ ಕ್ರಮೇಣ ತಿನ್ನುತ್ತವೆ. ಆಡಿನ ಬಾಯಿಗೆ ಸಿಗದ ಬೇಲಿ ಬೇಕೆಂದರೆ ಲಕ್ಕಿ ಗಿಡ. ಒಳಗಿನ ತುಂಡುಗಳಿಗೆ ಸೌರಶಕ್ತಿಯ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಸಣ್ಣ ಆಘಾತ ಕೊಡುವ ಪೆಟ್ಟಿಗೆ) ಇರುವ ಒಂದೆರಡು ತಂತಿ ಸಾಕು. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಮನುಷ್ಯರೂ ಸಾಯುತ್ತಾರೆ. ಚಿರತೆ ಓಡಾಡುವ ಕಡೆ ಈ ಯಾವ ಬೇಲಿಯೂ ರಾತ್ರಿಯ ರಕ್ಷಣೆಯಲ್ಲ. ಕತ್ತಲಾಗುವ ಮೊದಲು ಪ್ರಾಣಿಗಳು ಗಟ್ಟಿ ಬಾಗಿಲಿನ ಕೊಟ್ಟಿಗೆಯೊಳಗಿರಬೇಕು.

ಫೆಬ್ರವರಿಯಿಂದ ಹುಲ್ಲು ಒಣಗುತ್ತದೆ. ನೀರು ಹಾಯಿಸಬೇಕೆ?

ಬಾವಿಯಲ್ಲಿ ಧಾರಾಳ ನೀರಿದ್ದರೆ ಒಂದೆರಡು ತುಂಡಿಗೆ ಹಾಯಿಸಿ. ಉಳಿದದ್ದನ್ನು ಮಲಗಲು ಬಿಡಿ. ಮೇ ತಿಂಗಳ ಮಳೆಗೆ ಬೇರಿನಿಂದ ಎದ್ದುಬರುತ್ತದೆ. ಒಣಗಿದ ಹುಲ್ಲನ್ನು ಬುಡದವರೆಗೆ ಮೇಯಿಸುವುದೇ ದೊಡ್ಡ ತಪ್ಪು. ಆ ಮೂರು ತಿಂಗಳಿಗೆ ಭತ್ತದ ಹುಲ್ಲು, ಬೇಣದ ಕರಡ, ಹಲಸು, ಹಾಲವಾಣ, ಅಗಸೆಯ ಸೊಪ್ಪು ಇರುತ್ತವೆ. ಭತ್ತದ ಹುಲ್ಲಿನ ಸತ್ವ ಹೆಚ್ಚಿಸಲು ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು, ತೆರೆದು ವಾಸನೆ ಹೋದ ಮೇಲೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬಹುದು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ.

## ರೋಗ, ವಿಷ, ಉಣುಗು

ಸುತ್ತ ಅಲಂಕಾರದ ಗಿಡಗಳಿವೆ. ತಿಂದರೆ ಏನಾದರೂ ಆಗುತ್ತದೆಯೆ?

ಆಗುತ್ತದೆ, ಲಾನ್ ಇರುವ ಮನೆಗಳಲ್ಲಿ ಇದೇ ಮೊದಲು ನೋಡಬೇಕಾದ ವಿಷಯ. ಕಣಗಿಲೆ ಕೆಂಪಾಗಲಿ ಹಳದಿಯಾಗಲಿ ಹೃದಯ ನಿಲ್ಲಿಸುವ ವಿಷ, ಕತ್ತರಿಸಿ ಬಿಸಾಡಿದ ಒಣ ಎಲೆಯೂ ಅಷ್ಟೇ. ಬೇಲಿಸಾಲಿಗೆ ಹಾಕುವ ಡುರಾಂಟಾ, ದತ್ತೂರ, ಲಂಟಾನ ಇವೆಲ್ಲ ತೆಗೆಯಬೇಕಾದವು. ಲಂಟಾನ ತಿಂದ ದನದ ಯಕೃತ್ತು ಕೆಟ್ಟು, ಬಿಸಿಲಿಗೆ ಮೂತಿಯ, ಕಿವಿಯ ಚರ್ಮ ಬಿರಿಯುತ್ತದೆ. ಹಸಿ ಮರಗೆಣಸಿನ ಎಲೆಯಲ್ಲಿ ಮತ್ತು ಎಳೆ ಜೋಳದಲ್ಲಿ ಸಯನೈಡ್ ಇರುತ್ತದೆ. ಹೊಟ್ಟೆ ತುಂಬಿದ ಪ್ರಾಣಿ ಇಂಥವಕ್ಕೆ ಬಾಯಿ ಹಾಕುವುದು ಕಡಿಮೆ. ಹಸಿದದ್ದನ್ನು ಹೊಸ ಜಾಗಕ್ಕೆ ಬಿಡುವ ಮೊದಲು ಒಂದಿಷ್ಟು ಒಣಹುಲ್ಲು ಕೊಡಿ. ವಿಷ ತಿಂದ ಅನುಮಾನ ಬಂದರೆ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ.

ಎಷ್ಟು ಸಲ ಜಂತಿನ ಔಷಧಿ ಕೊಟ್ಟರೂ ಆಡು ಸೊರಗುತ್ತದೆ. ಯಾಕೆ?

ಔಷಧಿ ಹೊಟ್ಟೆಯ ಹುಳವನ್ನು ಕೊಲ್ಲುತ್ತದೆ, ಹುಲ್ಲಿನ ಮೇಲಿನದನ್ನಲ್ಲ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಮರಿಯಾಗಿ, ಇಬ್ಬನಿಯ ಪಸೆಯಲ್ಲಿ ಎಲೆಯ ಬುಡದ ಭಾಗಕ್ಕೆ ಏರಿ ಕಾಯುತ್ತದೆ. ಆದ್ದರಿಂದಲೇ ನಾಲ್ಕು ದಿನಕ್ಕೆ ತುಂಡು ಬದಲಿಸಬೇಕು, ಹುಲ್ಲನ್ನು ಮೋಟಾಗಿ ಮೇಯಿಸಬಾರದು, ಇಬ್ಬನಿ ಆರಿದ ಮೇಲೆ ಬಿಡಬೇಕು. ಐದು ವಾರದ ಬಿಡುವಿನಲ್ಲಿ ಈ ಮರಿಗಳು ಆಹಾರವಿಲ್ಲದೆ ಬಹಳಷ್ಟು ಸಾಯುತ್ತವೆ. ಹಸು ಮೇಯ್ದು ಹೋದಲ್ಲಿಗೆ ಕೋಳಿ ಬಿಟ್ಟರೆ ಸಗಣಿ ಕೆದರಿ ಒಣಗಿಸುತ್ತವೆ.

ಎಲ್ಲ ಆಡುಗಳಿಗೂ ಕಣ್ಣುಮುಚ್ಚಿ ಔಷಧಿ ಕೊಡುವುದರಿಂದ ಹುಳಗಳು ಅದಕ್ಕೆ ಬಗ್ಗದಂತಾಗುತ್ತವೆ. ಕೆಳರೆಪ್ಪೆ ಇಳಿಸಿ ನೋಡಿ: ಒಳಗೆ ಕೆಂಪಾಗಿದ್ದರೆ ಬೇಡ, ಬಿಳಿಚಿದ್ದರೆ ಬೇಕು. ತೂಕಕ್ಕೆ ತಕ್ಕ ಪೂರ್ತಿ ಪ್ರಮಾಣ ಕೊಡಿ. ಆರಂಭದ ಗಬ್ಬದಲ್ಲಿ ಆಲ್ಬೆಂಡಜೋಲ್ ಸಲ್ಲದು. ಗದ್ದೆಯಂಚಿನ ಹುಲ್ಲು ತಿನ್ನುವ ಪ್ರಾಣಿಗೆ ಗದ್ದೆಯ ಬಸವನಹುಳದ ಮೂಲಕ ಯಕೃತ್ತಿನ ಚಪ್ಪಟೆ ಹುಳ ತಗಲುತ್ತದೆ. ಅದಕ್ಕೆ ಬೇರೆಯೇ ಔಷಧಿ, ವೈದ್ಯರನ್ನು ಕೇಳಿ.

ಮನೆ ಮುಂದೆಯೇ ದನ ಮೇಯಿಸಿದರೆ ಮಂಗನ ಕಾಯಿಲೆ ಬರುತ್ತದೆಯೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ರೋಗವಾದ್ದರಿಂದ ನಮ್ಮವರ ಈ ಭಯ ಸಹಜ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಹಾಲಿನಿಂದ ಹರಡುವುದೂ ಇಲ್ಲ; ಆದರೆ ಬೆಳೆದ ಉಣುಗು ದನದ ರಕ್ತ ಕುಡಿದು ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮಳೆಗಾಲ ಕಳೆದ ಮೇಲೆ ಬೇಸಿಗೆಯವರೆಗೆ ಕಾಡಿನ ನೆಲದಲ್ಲಿ ಓಡಾಡುವ ಸಣ್ಣ ಉಣುಗು. ಹಾಗಾಗಿ ಕಾಡಿಗೆ ಮೇಯಲು ಹೋಗುವ ದನಕ್ಕಿಂತ ಬೇಲಿಯೊಳಗೆ ಮೇಯುವ ದನ ವಾಸಿ, ಎರಡನ್ನೂ ಒಂದೇ ಹಸುವಿಗೆ ಮಾಡಿಸಿದರೆ ಮಾತ್ರ ಕಾಡಿನ ಉಣುಗು ಅಂಗಳಕ್ಕೆ ಬರುತ್ತದೆ. ಬಾಗಿಲಿನ ಸುತ್ತ, ನಡೆದಾಡುವ ದಾರಿಯ ಎರಡೂ ಬದಿ ಹುಲ್ಲನ್ನು ಲಾನ್‌ನಂತೆಯೇ ಮೋಟಾಗಿ ಇಡಿ. ಕೊಟ್ಟಿಗೆಗೆ ತರುವ ದರಗಿನಲ್ಲಿಯೂ (ಒಣ ಎಲೆಯಲ್ಲಿಯೂ) ಉಣುಗು ಬರುತ್ತದೆ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು; ಮಂಗ ಸತ್ತದ್ದು ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

## ಕೆಲವು ವರ್ಷ ಅನುಭವ ಇರುವವರಿಗೆ

ಹುಲ್ಲು ಸೊಂಪಾಗಿದೆ, ಆದರೂ ಹಾಲು ಏರಿಲ್ಲ. ಏನು ಕೊರತೆ?

ಹೆಚ್ಚಿನ ಸಲ ಹುಲ್ಲು ಬಲಿತಿರುತ್ತದೆ. ತೆನೆ ಬಂದ ಹುಲ್ಲಿನಲ್ಲಿ ನಾರು ಏರಿ ಪ್ರೋಟೀನ್ ಇಳಿದಿರುತ್ತದೆ. ಎತ್ತರ ನೋಡಿ ಖುಷಿಪಡದೆ ಹೂ ಬರುವ ಮೊದಲೇ ಮೇಯಿಸಿ. ಎರಡನೆಯದು ಖನಿಜ. ಮಳೆ ತೊಳೆದ ಮಣ್ಣಿನ ಹುಲ್ಲಿನಲ್ಲಿ ರಂಜಕ, ಸುಣ್ಣ ಕಡಿಮೆಯಿರುವುದರಿಂದ ಖನಿಜ ಮಿಶ್ರಣ ಮತ್ತು ಉಪ್ಪು ದಿನವೂ ಬೇಕು. ಹಸು ಮೂಳೆ, ಬಟ್ಟೆ ಅಗಿಯುತ್ತಿದ್ದರೆ ಅದು ರಂಜಕದ ಕೊರತೆಯ ಸೂಚನೆಯಿರಬಹುದು.

ಕಾಂಗೋ ಸಿಗ್ನಲ್ ಹಾಕಿದ ಮೇಲೆ ಆಡುಮರಿಗಳ ಕಿವಿ, ಮುಖ ಊದಿದೆ. ಹುಲ್ಲಿನಿಂದಲೇ?

ಇರಬಹುದು. ಸಿಗ್ನಲ್ ಗುಂಪಿನ ಹುಲ್ಲುಗಳಲ್ಲಿ ಇರುವ ಸಪೋನಿನ್ ಎಂಬ ಪದಾರ್ಥ ಯಕೃತ್ತನ್ನು ಬಾಧಿಸಿ, ಬಿಸಿಲಿಗೆ ಚರ್ಮ ಊದುವಂತೆ ಮಾಡುತ್ತದೆ. ಎಳೆಯ ಕುರಿ, ಆಡುಗಳಿಗೆ ಅಪಾಯ ಹೆಚ್ಚು, ದನಗಳಿಗೆ ಕಡಿಮೆ. ಕೂಡಲೇ ಆ ಹುಲ್ಲು ನಿಲ್ಲಿಸಿ, ನೆರಳಿನಲ್ಲಿ ಕಟ್ಟಿ, ವೈದ್ಯರನ್ನು ಕರೆಸಿ. ಆಡು ಸಾಕುವವರು ಇಡೀ ಜಾಗಕ್ಕೆ ಇದೊಂದನ್ನೇ ಹಾಕದೆ ಗಿನಿ, ಗರಿಕೆ, ಸ್ಟೈಲೋ ಬೆರೆಸಿರಬೇಕು.

ನಾಲ್ಕೈದು ವರ್ಷವಾಯಿತು, ಹುಲ್ಲು ತೆಳುವಾಗಿ ಮುಟ್ಟಿದರೆ ಮುನಿ ತುಂಬಿದೆ. ಮತ್ತೆ ಉಳಬೇಕೆ?

ಮುಟ್ಟಿದರೆ ಮುನಿ ಹೆಚ್ಚಿದೆಯೆಂದರೆ ನೆಲಕ್ಕೆ ಬಿಡುವು ಸಿಕ್ಕಿಲ್ಲ, ಹುಲ್ಲು ಸೋತ ಜಾಗವನ್ನು ಅದು ಹಿಡಿದಿದೆ. ಉತ್ತರೆ ಮಳೆಯ ಹೊತ್ತಿಗೆ ಬೀಜವಾಗುವ ಮೊದಲು ಬೇರುಸಹಿತ ಕೀಳಿಸಿ. ಇಡೀ ನೆಲ ಉಳುವ ಅಗತ್ಯವಿಲ್ಲ; ಪ್ರತಿ ವರ್ಷ ಎರಡು ತುಂಡು ಜಾಗವನ್ನು ಮಾತ್ರ ಮೇಯಿಸದೆ ಮುಚ್ಚಿ, ಪಿಕಾಸಿಯಿಂದ ಗಟ್ಟಿ ಪದರ ಸಡಿಲಿಸಿ, ಮೇ ತಿಂಗಳಲ್ಲಿ ಸುಣ್ಣ, ಜೂನ್‌ನಲ್ಲಿ ಗೊಬ್ಬರ ಕೊಟ್ಟು, ಹುಲ್ಲಿನ ಹೊಸ ಬೇರುತುಂಡುಗಳನ್ನು ನೆಟ್ಟು ದೀಪಾವಳಿಯವರೆಗೆ ಬಿಡಿ. ಹತ್ತು ತುಂಡಿದ್ದರೆ ಐದು ವರ್ಷಕ್ಕೊಂದು ಸುತ್ತು ಮುಗಿಯುತ್ತದೆ. ಮುಚ್ಚಿದ ಎರಡು ತುಂಡಿನ ಪಾಲಿನ ಮೇವು ಆ ವರ್ಷ ಕಡಿಮೆಯಾಗುವುದರಿಂದ, ಅಷ್ಟು ಭತ್ತದ ಹುಲ್ಲನ್ನು ಸುಗ್ಗಿಯಲ್ಲೇ ಹೆಚ್ಚಿಗೆ ಕೊಂಡು ಬಣವೆ ಹಾಕಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಒಣ ಹುಲ್ಲು ಸಿಗುವುದೂ ಕಷ್ಟ, ಬೆಲೆಯೂ ಹೆಚ್ಚು.